ತಲೆಶೂಲೆಯ ಗುಳಿಗೆ: ಲಾಭ ಎಷ್ಟು, ನಷ್ಟ ಎಷ್ಟು? ಕ್ಯಾಲೆಂಡರಿನಲ್ಲೇ ಲೆಕ್ಕ ಹಾಕಿ

ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದಲ್ಲಿ ನಮ್ಮ ಅಕ್ಕ ಖಣದ ಕುಪ್ಪಸ ಹೊಲಿಯುತ್ತಾಳೆ. ಅವಳಿಗೆ ಮೊದಲೆಲ್ಲ ತಿಂಗಳಿಗೆ ಎರಡು ಸಲ ಮೈಗ್ರೇನ್ ಬರುತ್ತಿತ್ತು. ಆಮೇಲೆ ವಾರಕ್ಕೆ ಮೂರು ದಿನ ಶುರುವಾಯಿತು. ಹೊಲಿಗೆ ಮಷಿನ್ನಿನ ಡಬ್ಬಿಯಲ್ಲಿ, ದಾರದ ಉಂಡೆಗಳ ನಡುವೆ, ಸದಾ ಒಂದು ಗುಳಿಗೆ ಸ್ಟ್ರಿಪ್. "ಸಸ್ತಾ ಗುಳಿಗಿ, ಏನಾಗ್ತದ ಬಿಡು" ಅನ್ನುತ್ತಿದ್ದಳು. ಇಬ್ಬರೂ ಕೂತು ಲೆಕ್ಕ ಹಾಕಿದಾಗ ಆ ಸಸ್ತಾ ಗುಳಿಗೆಯೇ ದುಬಾರಿ ಬಿದ್ದಿತ್ತು.

ಮೊದಲು ಗೋಡೆ ಕ್ಯಾಲೆಂಡರ್ ಹಿಡಿಯಿರಿ. ತಲೆನೋವು ಬಂದ ದಿನಕ್ಕೆ ಕೆಂಪು ಸುತ್ತು, ಗುಳಿಗೆ ನುಂಗಿದ ದಿನಕ್ಕೆ ನೀಲಿ ಗೀಟು, ಕೆಲಸ ಕೆಟ್ಟರೆ ಕತ್ತರಿ ಗುರುತು. ಎರಡು ಮೂರು ತಿಂಗಳು ಹೀಗೆ ಬರೆಯಿರಿ. ಸುಮ್ನೆ ನೆನಪಿನ ಮೇಲೆ ಹೇಳಿದರೆ ಲೆಕ್ಕ ತಪ್ಪಬಹುದು.

ಈಗ ನೀಲಿ ಗೀಟು ಎಣಿಸಿ. ಎಷ್ಟು ಗುಳಿಗೆ ಅಂತಲ್ಲ, ಎಷ್ಟು ದಿನ ಅಂತ. ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ನಂಥ ಸಾದಾ ಗುಳಿಗೆ ತಿಂಗಳಿಗೆ 15 ದಿನ ಮುಟ್ಟಿದರೆ, ಟ್ರಿಪ್ಟಾನ್ (ಮೈಗ್ರೇನಿಗೆಂದೇ ಇರುವ ಗುಳಿಗೆ) ಅಥವಾ ಕೆಫೀನ್ ಬೆರೆತ ಗುಳಿಗೆ 10 ದಿನ ಮುಟ್ಟಿದರೆ, ಹೀಗೇ ಮೂರು ತಿಂಗಳು ದಾಟಿದರೆ, ಗುಳಿಗೆಯೇ ತಲೆನೋವು ತರಲು ಶುರುಮಾಡಬಹುದು. ಅಕ್ಕನದ್ದು ಕೆಫೀನ್ ಗುಳಿಗೆ. ತಿಂಗಳಿಗೆ ನೀಲಿ ಗೀಟು 13.

ಆಮೇಲೆ ದುಡ್ಡು. ಗುಳಿಗೆಯ ಬೆಲೆ ಒಂದು ಕಡೆ ಬರೆಯಿರಿ, ಕತ್ತರಿ ಗುರುತಿನ ದಿನಗಳಲ್ಲಿ ಹೋದ ಕೂಲಿ ಇನ್ನೊಂದು ಕಡೆ. ಅಕ್ಕ ಕೂಲಿ ಬರೆಯಲು ಒಪ್ಪಲೇ ಇಲ್ಲ. ಮನೆಯಲ್ಲೇ ಮಾಡುವ ಕೆಲಸ, ಅದೇನು ಲೆಕ್ಕ ಅಂದಳು. ದಯವಿಟ್ಟು ಬರೆಯಿರಿ. ಅಸಲು ನಷ್ಟ ಅಲ್ಲೇ ಇರುವುದು.

ತಿಂಗಳಿಗೆ ನಾಲ್ಕು ದಿನ ಅಥವಾ ಜಾಸ್ತಿ ಕೆಂಪು ಸುತ್ತು ಇದ್ದರೆ, ನೋವು ಬರದಂತೆ ದಿನಾ ನುಂಗುವ ಔಷಧದ ಬಗ್ಗೆ ಡಾಕ್ಟರನ್ನು ಕೇಳಿ. ಒಂದೊಂದಕ್ಕೂ ಒಂದೊಂದು ಬೆಲೆ ತೆರಬೇಕು. ಪ್ರೊಪ್ರನೊಲಾಲ್ ಅಸ್ತಮಾ ಇದ್ದವರಿಗೆ ಆಗುವುದಿಲ್ಲ. ಅಮಿಟ್ರಿಪ್ಟಿಲಿನ್ ನುಂಗಿದರೆ ಬಾಯಿ ಒಣಗುತ್ತದೆ, ನಿದ್ದೆ ಎಳೆಯುತ್ತದೆ. ರಾತ್ರಿ ನಿದ್ದೆ ಬಾರದವರಿಗೆ ಅದೇ ಲಾಭ. ಫ್ಲುನಾರಿಜಿನ್‌ನಿಂದ ತೂಕ ಏರಬಹುದು, ಮನಸ್ಸು ಕುಗ್ಗಬಹುದು. ಟೊಪಿರಮೇಟ್‌ನಿಂದ ಕೈ ಜುಮ್ಮೆನ್ನುತ್ತದೆ, ಮಾತಿಗೆ ಪದ ಸಿಗದೆ ತಡವರಿಸುತ್ತೇವೆ. ಟೊಪಿರಮೇಟ್ ಮತ್ತು ಇಂಥದ್ದೇ ಇನ್ನೊಂದು ಔಷಧ ವಾಲ್‌ಪ್ರೊಯೇಟ್ ಹೊಟ್ಟೆಯಲ್ಲಿರುವ ಮಗುವಿಗೆ ಕೆಡುಕು ಮಾಡುತ್ತವೆ. ಮಗುವಿನ ಯೋಚನೆ ಇದ್ದರೆ ಮೊದಲೇ ಹೇಳಿಬಿಡಿ. ಇವುಗಳ ಜೆನೆರಿಕ್ (ಬ್ರಾಂಡ್ ಹೆಸರಿಲ್ಲದ ಅದೇ ಔಷಧ) ಸಿಗುತ್ತದೆಯೇ ಎಂದು ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ. ಮೈಗ್ರೇನಿನಲ್ಲಿ ಕೈಯಾಡಿಸುವ ಸಿಜಿಆರ್‌ಪಿ ಎಂಬ ರಾಸಾಯನಿಕವನ್ನು ತಡೆಯುವ ಹೊಸ ಇಂಜೆಕ್ಷನ್ ತುಂಬಾ ದುಬಾರಿ, ಸಾಮಾನ್ಯವಾಗಿ ಗುಳಿಗೆಗಳು ಸೋತ ಮೇಲೆ ಅದರ ಮಾತು.

ನೋವು ಬಂದಾಗ ನುಂಗುವ ಸುಮಾಟ್ರಿಪ್ಟಾನ್ ನೋವು ಸಣ್ಣದಿದ್ದಾಗಲೇ ನುಂಗಿದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಹೃದಯದ ಕಾಯಿಲೆ ಇದ್ದವರು, ಲಕ್ವ ಹೊಡೆದವರು ಅದನ್ನು ಮುಟ್ಟಬಾರದು.

ದಿನಾ ನುಂಗುವ ಔಷಧ ಹತ್ತು ದಿನಕ್ಕೆ ಕೈಬಿಡಬೇಡಿ. ಫಲ ಕಾಣಲು ಎರಡು ತಿಂಗಳಾದರೂ ಬೇಕು. ಕೆಂಪು ಸುತ್ತು ಅರ್ಧಕ್ಕೆ ಇಳಿದರೆ ಔಷಧ ಗೆದ್ದಂತೆ. ನಿಲ್ಲಿಸುವುದಿದ್ದರೂ ಡಾಕ್ಟರನ್ನು ಕೇಳಿಯೇ ನಿಲ್ಲಿಸಿ.

ಒಂದು ವಿಷಯಕ್ಕೆ ಮಾತ್ರ ಕ್ಯಾಲೆಂಡರ್ ನೋಡುತ್ತ ಕೂರಬೇಡಿ. ಸಿಡಿಲು ಬಡಿದಂತೆ ಒಮ್ಮೆಲೇ ಬಂದ ನೋವು, ಕೈಕಾಲು ಸೋಲುವುದು, ಜ್ವರದ ಜೊತೆ ಕತ್ತು ಬಿಗಿಯುವುದು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಡಾಕ್ಟರ ಮಾತಿನಂತೆ ಕೆಫೀನ್ ಗುಳಿಗೆ ಬಿಟ್ಟಾಗ ಅಕ್ಕನಿಗೆ ಮೊದಲ ಎರಡು ವಾರ ನೋವು ಇನ್ನೂ ಜಾಸ್ತಿಯಾಯಿತು. ಅತ್ತಳು, ಬೈದಳು, ಆದರೆ ತಡೆದುಕೊಂಡಳು. ಮೂರನೇ ತಿಂಗಳ ಹಾಳೆಯಲ್ಲಿ ಕೆಂಪು ಸುತ್ತು ಐದು, ಕತ್ತರಿ ಗುರುತು ಒಂದು.