ಶ್ರುತಿ ತಗಡಿನ ಡಬ್ಬಿಯಿಂದ ಕೇಳಿಸಿದರೆ: ಲ್ಯಾಪ್‌ಟಾಪಿನ ಬ್ಲೂಟೂತ್ ಸದ್ದು ಸರಿಮಾಡುವ ಬಗೆ

ಮೈಸೂರಿನಲ್ಲಿ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಸಂಗೀತ ಪಾಠ ಮಾಡುತ್ತೇನೆ. ಸಂಜೆ ಅಕ್ಕಪಕ್ಕದ ಮಕ್ಕಳು ಬರುತ್ತಾರೆ. ಬೆಳಿಗ್ಗೆ ಏಳಕ್ಕೆ ಲ್ಯಾಪ್‌ಟಾಪ್ ತೆರೆಯುತ್ತೇನೆ. ಆಗ ನ್ಯೂಜೆರ್ಸಿಯಲ್ಲಿ ರಾತ್ರಿ, ಅಲ್ಲಿನ ವಿದ್ಯಾರ್ಥಿನಿ ಊಟ ಮುಗಿಸಿ ಪಾಠಕ್ಕೆ ಕೂತಿರುತ್ತಾಳೆ.

ಒಂದು ದಿನ ಪಾಠಕ್ಕೆ ಮೊದಲು ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡು ಲ್ಯಾಪ್‌ಟಾಪಿನಲ್ಲಿ ತಂಬೂರಿ ಹಚ್ಚಿದೆ. ನಾದ ತುಂಬಿ ಬಂತು. ಕರೆ ಶುರುವಾದ ಮರುಕ್ಷಣವೇ ಅದೇ ತಂಬೂರಿ ತಗಡಿನ ಡಬ್ಬಿಯೊಳಗಿಂದ ಕೇಳಿಸತೊಡಗಿತು. ಕರೆ ಮುಗಿಯಿತು, ನಾದ ಮೊದಲಿನಂತಾಯಿತು. ಹೆಡ್‌ಫೋನ್ ಕೆಟ್ಟಿದೆ ಎಂದು ಹೊಸದು ತಂದೆ. ಅದರಲ್ಲೂ ಅದೇ ಕಥೆ. ಲ್ಯಾಪ್‌ಟಾಪ್ ತೋರಿಸಿದ ಅಂಗಡಿಯಲ್ಲಿ, ವಿಂಡೋಸ್ ಪೂರ್ತಿ ಅಳಿಸಿ ಹೊಸದಾಗಿ ಹಾಕಬೇಕು ಎಂದರು. ಹಾಕಿಸಿದೆ. ಏನೂ ಬದಲಾಗಲಿಲ್ಲ. ಯಾಕೆಂದರೆ ಅಲ್ಲಿ ಏನೂ ಕೆಟ್ಟಿರಲೇ ಇಲ್ಲ.

ಆಮೇಲೆ ಕೂತು ಒಂದೊಂದೇ ಕಲಿತೆ. ನನಗೆ ತಿಳಿದದ್ದು ಇಷ್ಟು: ಏನನ್ನೂ ಮುಟ್ಟುವ ಮೊದಲು ಸದ್ದು ಹೇಗೆ ಕೆಟ್ಟಿದೆ ಎಂದು ಕಿವಿಗೊಟ್ಟು ಕೇಳಬೇಕು. ತಗಡಿನಂತೆ ಕೇಳುತ್ತಿದೆಯೇ, ತುಂಡು ತುಂಡಾಗುತ್ತಿದೆಯೇ, ಬರುತ್ತಲೇ ಇಲ್ಲವೇ, ತಡವಾಗಿ ಬರುತ್ತಿದೆಯೇ? ಒಂದೊಂದಕ್ಕೂ ಕಾರಣ ಬೇರೆ, ಮದ್ದೂ ಬೇರೆ. ಎಲ್ಲಕ್ಕೂ ಡ್ರೈವರ್, ಅಂದರೆ ಲ್ಯಾಪ್‌ಟಾಪಿನ ಒಂದೊಂದು ಭಾಗವನ್ನು ನಡೆಸಲು ವಿಂಡೋಸ್‌ಗೆ ಬೇಕಾದ ಸಾಫ್ಟ್‌ವೇರ್, ಬದಲಿಸುತ್ತಾ ಕೂತರೆ ದಿನ ಹಾಳು.

ಮೊದಲು ತಗಡಿನ ಸದ್ದಿನ ವಿಷಯ. ಇದನ್ನೇ ಜಾಸ್ತಿ ಜನ ನನ್ನ ಹತ್ತಿರ ಕೇಳುತ್ತಾರೆ.

ಬ್ಲೂಟೂತ್ ಹೆಡ್‌ಫೋನ್ ಎರಡು ರೀತಿಯಲ್ಲಿ ಕೆಲಸ ಮಾಡುತ್ತದೆ. ಒಂದು, ಹಾಡು ಕೇಳುವ ರೀತಿ. ಅದರ ಹೆಸರು ಎ2ಡಿಪಿ. ಸದ್ದು ಲ್ಯಾಪ್‌ಟಾಪಿನಿಂದ ಕಿವಿಗೆ ಮಾತ್ರ ಹೋಗುತ್ತದೆ, ಎರಡೂ ಕಿವಿಗೆ ಬೇರೆ ಬೇರೆಯಾಗಿ, ಒಳ್ಳೆಯ ಗುಣಮಟ್ಟದಲ್ಲಿ. ಇನ್ನೊಂದು, ಫೋನಿನಲ್ಲಿ ಮಾತಾಡುವ ರೀತಿ. ಅದು ಎಚ್‌ಎಫ್‌ಪಿ, ಅಂದರೆ ಹ್ಯಾಂಡ್ಸ್ ಫ್ರೀ. ಹೆಡ್‌ಫೋನಿನ ಮೈಕ್ ಬಳಸಬೇಕಾದ ಕೂಡಲೇ ಲ್ಯಾಪ್‌ಟಾಪ್ ಈ ಎರಡನೆಯದಕ್ಕೆ ಹಾರುತ್ತದೆ. ಆಗ ಎರಡೂ ಕಿವಿಗೆ ಒಂದೇ ಸದ್ದು. ಮಾಮೂಲಿ ಹಾಡಿನಲ್ಲಿ ಸೆಕೆಂಡಿಗೆ 44,100 ಸಲ ಸದ್ದಿನ ಅಳತೆ ತೆಗೆದಿರುತ್ತಾರೆ. ಇಲ್ಲಿ ಹಳೆಯ ಹೆಡ್‌ಫೋನುಗಳಲ್ಲಿ ಅದು 8,000ಕ್ಕೆ ಇಳಿಯುತ್ತದೆ, ಹೊಸತರಲ್ಲಿ 16,000ಕ್ಕೆ. 8,000 ಎಂದರೆ 4,000 ಹರ್ಟ್ಸ್‌ಗಿಂತ ಮೇಲಿನದ್ದೆಲ್ಲ ಕತ್ತರಿಸಿ ಹೋಯಿತು. ಮಾತಿಗೆ ಅಷ್ಟು ಸಾಕು. ತಂಬೂರಿಗೆ ಸಾಲದು. ತಂತಿ ಮೀಟಿದಾಗ ಷಡ್ಜದ ಮೇಲೆ ಎಳೆ ಎಳೆಯಾಗಿ ಹೊಮ್ಮುವ ಸ್ವರಗಳಲ್ಲೇ ಅಲ್ವಾ ಅದರ ಜೀವ ಇರುವುದು? ಆ ಮೇಲಿನ ಎಳೆಗಳೇ ಇಲ್ಲಿ ಬಿದ್ದು ಹೋಗುತ್ತವೆ.

ಪರಿಹಾರ ಸರಳ. ಹೆಡ್‌ಫೋನಿನ ಮೈಕ್ ಬಳಸಬೇಡಿ. ಕೇಳುವುದಕ್ಕೆ ಹೆಡ್‌ಫೋನ್, ಮಾತಾಡುವುದಕ್ಕೆ ಲ್ಯಾಪ್‌ಟಾಪಿನದೇ ಮೈಕ್. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ತೆರೆದು ಸಿಸ್ಟಂ, ಅದರಲ್ಲಿ ಸೌಂಡ್‌ಗೆ ಹೋಗಿ. ಔಟ್‌ಪುಟ್ ಕೆಳಗೆ ಹೆಡ್‌ಫೋನ್ ಇರಲಿ. ಇನ್‌ಪುಟ್ ಕೆಳಗೆ ಲ್ಯಾಪ್‌ಟಾಪಿನ ಮೈಕ್ ಆರಿಸಿ. ನೀವು ಕರೆ ಮಾಡುವ ಆ್ಯಪ್‌ನ ಒಳಗಿನ ಆಡಿಯೋ ಸೆಟ್ಟಿಂಗ್‌ನಲ್ಲೂ ಇದನ್ನೇ ಮಾಡಿ. ಎಷ್ಟೋ ಸಲ ವಿಂಡೋಸ್‌ನಲ್ಲಿ ಸರಿಯಾಗಿರುತ್ತದೆ, ಆ್ಯಪ್ ತನ್ನ ಪಾಡಿಗೆ ಹೆಡ್‌ಫೋನ್ ಮೈಕ್ ಹಿಡಿದುಕೊಂಡಿರುತ್ತದೆ. ವಿಂಡೋಸ್ 10ರಲ್ಲಿ ಒಂದೇ ಹೆಡ್‌ಫೋನ್ ಎರಡು ಹೆಸರಿನಲ್ಲಿ ಕಾಣುತ್ತದೆ. ಒಂದರ ಮುಂದೆ ಸ್ಟೀರಿಯೋ ಎಂದಿರುತ್ತದೆ, ಇನ್ನೊಂದರ ಮುಂದೆ ಹ್ಯಾಂಡ್ಸ್ ಫ್ರೀ. ಸ್ಟೀರಿಯೋ ಆರಿಸಿ.

ಕರೆಯೇ ಇಲ್ಲದಿರುವಾಗಲೂ ಸದ್ದು ತಗಡಾಗಿದ್ದರೆ ಯಾವುದೋ ಪ್ರೋಗ್ರಾಂ ಹಿಂದಿನಿಂದ ಮೈಕ್ ಹಿಡಿದಿದೆ ಎಂದರ್ಥ. ಪರದೆಯ ಕೆಳಗೆ ಗಡಿಯಾರದ ಹತ್ತಿರ ಚಿಕ್ಕ ಮೈಕ್ ಚಿತ್ರ ಕಾಣುತ್ತಿದೆಯೇ ನೋಡಿ. ಅದರ ಮೇಲೆ ಮೌಸ್ ಇಟ್ಟರೆ ಯಾರು ಹಿಡಿದಿದ್ದಾರೆ ಎಂದು ಹೆಸರು ಹೇಳುತ್ತದೆ. ನನ್ನಲ್ಲಿ ಬ್ರೌಸರಿನ ಒಂದು ಹಳೆಯ ಟ್ಯಾಬ್ ಹಿಡಿದಿತ್ತು. ಮುಚ್ಚಿದೆ, ಸರಿಯಾಯಿತು.

ಎಲ್‌ಇ ಆಡಿಯೋ ಎಂಬ ಹೊಸ ಪದ್ಧತಿ ಬಂದಿದೆ. ಮೈಕ್ ಬಳಸಿದಾಗ ಸದ್ದು ಇಷ್ಟು ಕೆಳಗೆ ಬೀಳದಂತೆ ಮಾಡುವ ದಾರಿ ಅದರಲ್ಲಿದೆ. ಆದರೆ ಲ್ಯಾಪ್‌ಟಾಪ್, ಹೆಡ್‌ಫೋನ್ ಎರಡಕ್ಕೂ ಅದು ಗೊತ್ತಿರಬೇಕು. ಡ್ರೈವರ್ ಕೂಡ ಹೊಸದಿರಬೇಕು. ಇರುವ ಹೆಡ್‌ಫೋನ್ ಚೆನ್ನಾಗಿದ್ದರೆ ಅದಕ್ಕೋಸ್ಕರ ಹೊಸದು ಕೊಳ್ಳಬೇಡಿ. ಲ್ಯಾಪ್‌ಟಾಪ್ ಮೈಕ್ ಸಾಕು.

ಸಂಗೀತದವರಿಗೆ ಇನ್ನೊಂದು ಮಾತು. ಕರೆಯ ಆ್ಯಪ್‌ಗಳು ಒಂದೇ ಸಮನೆ ಬರುವ ಸದ್ದನ್ನು ಗದ್ದಲ ಎಂದುಕೊಂಡು ಅಳಿಸುತ್ತವೆ. ಫ್ಯಾನಿನ ಸದ್ದಿಗೆ ಮಾಡಿದ ಏರ್ಪಾಡು ಅದು. ಶ್ರುತಿಯೂ ಒಂದೇ ಸಮನೆ ಬರುತ್ತದೆ, ಹಾಗಾಗಿ ಅದೂ ಅಳಿಸಿ ಹೋಗುತ್ತದೆ. ನಿಮಗೆ ಶ್ರುತಿ ಕೇಳುತ್ತಿದ್ದು ವಿದ್ಯಾರ್ಥಿಗೆ ಕೇಳದಿದ್ದರೆ ಬ್ಲೂಟೂತನ್ನು ಬಿಟ್ಟುಬಿಡಿ, ಇದನ್ನು ನೋಡಿ. ಝೂಮ್‌ನ ಆಡಿಯೋ ಸೆಟ್ಟಿಂಗ್‌ನಲ್ಲಿ ಒರಿಜಿನಲ್ ಸೌಂಡ್ ಫಾರ್ ಮ್ಯುಸಿಶಿಯನ್ಸ್ ಎಂಬುದಿದೆ. ಅದನ್ನು ಆನ್ ಮಾಡಿ.

ಎರಡನೆಯದು, ಸದ್ದು ತುಂಡಾಗುವುದು. ಹಾಡು ಬಿಕ್ಕಳಿಸಿದಂತೆ ಬರುತ್ತದೆ. ಇದು ಗಾಳಿಯಲ್ಲಿ ನಡೆಯುವ ತಿಕ್ಕಾಟ. ಬ್ಲೂಟೂತ್ 2.4 ಗಿಗಾಹರ್ಟ್ಸ್‌ನಲ್ಲಿ ಓಡಾಡುತ್ತದೆ. ಅಲ್ಲಿ 79 ಸಣ್ಣ ದಾರಿಗಳಿವೆ. ಸೆಕೆಂಡಿಗೆ 1,600 ಸಲ ಒಂದರಿಂದ ಇನ್ನೊಂದಕ್ಕೆ ಹಾರುತ್ತಾ ಸದ್ದು ಸಾಗಿಸುತ್ತದೆ. ಮನೆಯ ವೈಫೈ ಕೂಡ ಬಹಳ ಕಡೆ ಇದೇ 2.4ರಲ್ಲಿರುತ್ತದೆ. ಮೈಕ್ರೋವೇವ್ ಒಲೆಯೂ ಅಲ್ಲೇ. ಸಾಲದ್ದಕ್ಕೆ ಲ್ಯಾಪ್‌ಟಾಪಿನಲ್ಲಿ ವೈಫೈ, ಬ್ಲೂಟೂತ್ ಎರಡೂ ಸಾಮಾನ್ಯವಾಗಿ ಒಂದೇ ಸಣ್ಣ ಕಾರ್ಡಿನಲ್ಲಿರುತ್ತವೆ. ಎಷ್ಟೋ ಸಲ ಆಂಟೆನಾ ಕೂಡ ಹಂಚಿಕೊಂಡಿರುತ್ತವೆ.

ಪರೀಕ್ಷೆ ಹೀಗೆ ಮಾಡಿ. ಲ್ಯಾಪ್‌ಟಾಪಿನಲ್ಲೇ ಇರುವ ಒಂದು ಹಾಡು ಹಾಕಿ. ವೈಫೈ ಒಂದು ನಿಮಿಷ ಆಫ್ ಮಾಡಿ. ಬಿಕ್ಕಳಿಕೆ ನಿಂತರೆ ಕಾರಣ ಸಿಕ್ಕಿತು. ರೂಟರಿನಲ್ಲಿ 5 ಗಿಗಾಹರ್ಟ್ಸ್ ಇದ್ದರೆ ಲ್ಯಾಪ್‌ಟಾಪನ್ನು ಅದಕ್ಕೆ ಸೇರಿಸಿ. ಕೆಲವು ರೂಟರ್‌ಗಳಲ್ಲಿ ಹೆಸರಿನ ಕೊನೆಗೆ 5ಜಿ ಎಂದಿರುತ್ತದೆ, ಅದೇ ಇದು, ಮೊಬೈಲಿನ 5ಜಿ ಅಲ್ಲ. ನನ್ನ ಮನೆಯಲ್ಲಿ ಇದರಿಂದ ಮುಕ್ಕಾಲು ಪಾಲು ಸರಿಹೋಯಿತು. ಉಳಿದ ಕಾಲು ಪಾಲಿಗೆ ಕಾರಣ ಯುಎಸ್‌ಬಿ ಹಾರ್ಡ್ ಡಿಸ್ಕ್. ಪಾಠಗಳ ರೆಕಾರ್ಡಿಂಗ್ ಇಡಲು ಅದನ್ನು ಸದಾ ಚುಚ್ಚಿಟ್ಟಿದ್ದೆ. ಯುಎಸ್‌ಬಿ 3 ಸಾಧನಗಳು ಕೆಲಸ ಮಾಡುವಾಗ ಇದೇ 2.4 ಗಿಗಾಹರ್ಟ್ಸ್ ಸುತ್ತ ಗದ್ದಲ ಹೊಮ್ಮಿಸುತ್ತವೆ. ಪಾಠದ ಹೊತ್ತಿಗೆ ಅದನ್ನು ಈಗ ತೆಗೆದಿಡುತ್ತೇನೆ. ನೀವು ಯುಎಸ್‌ಬಿ ಬ್ಲೂಟೂತ್ ಡಾಂಗಲ್ ಬಳಸುವವರಾದರೆ ಅದನ್ನು ಹಾರ್ಡ್ ಡಿಸ್ಕಿನ ಪಕ್ಕದ ಕಿಂಡಿಗೆ ಹಾಕಬೇಡಿ. ಒಂದು ಗಿಡ್ಡ ಎಕ್ಸ್‌ಟೆನ್ಶನ್ ಕೇಬಲ್ ಹಾಕಿ ಸ್ವಲ್ಪ ದೂರ ತಂದರೂ ವ್ಯತ್ಯಾಸ ಕಿವಿಗೇ ತಿಳಿಯುತ್ತದೆ.

ಮೂರನೆಯದು, ಕನೆಕ್ಟೆಡ್ ಎಂದು ತೋರಿಸುತ್ತದೆ, ಸದ್ದಿಲ್ಲ. ಮೊದಲು ನಿಮ್ಮ ಫೋನಿನ ಬ್ಲೂಟೂತ್ ಆಫ್ ಮಾಡಿ. ಹೆಡ್‌ಫೋನ್ ಸದ್ದಿಲ್ಲದೆ ಫೋನಿಗೆ ಅಂಟಿಕೊಂಡಿರುವುದು ಬಹಳ ಸಾಮಾನ್ಯ. ಆಮೇಲೆ ವಿಂಡೋಸ್ 11 ಇದ್ದರೆ ವಿಂಡೋಸ್ ಕೀ, ಕಂಟ್ರೋಲ್, ವಿ ಮೂರನ್ನೂ ಒಟ್ಟಿಗೆ ಒತ್ತಿ. ಸದ್ದು ಎಲ್ಲಿಗೆ ಹೋಗಬೇಕು ಎಂಬ ಪಟ್ಟಿ ಬರುತ್ತದೆ. ಅಲ್ಲಿ ಹೆಡ್‌ಫೋನ್ ಆರಿಸಿ.

ಆಗಲೂ ಬರದಿದ್ದರೆ ಜೋಡಣೆ ಬಿಚ್ಚಿ ಮತ್ತೆ ಕಟ್ಟಬೇಕು. ಇಲ್ಲಿ ಹೆಚ್ಚಿನವರು ಅರ್ಧ ಕೆಲಸ ಮಾಡಿ ಬಿಡುತ್ತಾರೆ. ಲ್ಯಾಪ್‌ಟಾಪಿನಲ್ಲಿ ರಿಮೂವ್ ಡಿವೈಸ್ ಒತ್ತಿ, ತಕ್ಷಣ ಮತ್ತೆ ಸೇರಿಸುತ್ತಾರೆ. ಜೋಡಣೆಯ ಗುಟ್ಟಿನ ಕೀಲಿ ಲ್ಯಾಪ್‌ಟಾಪಿನಲ್ಲಿ ಅಳಿಸಿ ಹೋದರೂ ಹೆಡ್‌ಫೋನಿನಲ್ಲಿ ಉಳಿದಿರುತ್ತದೆ. ಆದ್ದರಿಂದ ಎರಡೂ ಕಡೆ ಅಳಿಸಿ. ಹೆಡ್‌ಫೋನ್ ರೀಸೆಟ್ ಮಾಡುವ ಬಟನ್ ಒಂದೊಂದರಲ್ಲಿ ಒಂದೊಂದು ರೀತಿ ಇರುತ್ತದೆ. ಡಬ್ಬದಲ್ಲಿ ಬಂದ ಚೀಟಿ ನೋಡಿ. ಆ ಚೀಟಿ ಎಸೆಯಬೇಡಿ.

ಇನ್ನು ಬ್ಲೂಟೂತ್ ಬಟನ್ನೇ ಮಾಯವಾಗುವುದು. ನಿನ್ನೆ ಇತ್ತು, ಇವತ್ತು ಸೆಟ್ಟಿಂಗ್ಸ್‌ನಲ್ಲಿ ಆ ಸಾಲೇ ಇಲ್ಲ. ಇದನ್ನು ನೋಡಿದರೆ ಎದೆ ಧಸಕ್ ಎನ್ನುತ್ತದೆ. ಗಾಬರಿ ಬೇಡ.

ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಎಂಬುದೊಂದಿದೆ. ಅದು ಆನ್ ಇದ್ದರೆ ನೀವು ಶಟ್‌ಡೌನ್ ಮಾಡಿದಾಗ ಲ್ಯಾಪ್‌ಟಾಪ್ ಪೂರ್ತಿ ಆರುವುದಿಲ್ಲ. ವಿಂಡೋಸ್‌ನ ಒಳಭಾಗ ಮತ್ತು ಡ್ರೈವರ್‌ಗಳ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ. ಬೆಳಿಗ್ಗೆ ಎದ್ದಾಗ ನಿನ್ನೆಯ ತೊಂದರೆಯನ್ನೂ ಜೊತೆಗೇ ಎಬ್ಬಿಸುತ್ತದೆ. ಆದ್ದರಿಂದ ಶಟ್‌ಡೌನ್ ಬದಲು ರೀಸ್ಟಾರ್ಟ್ ಮಾಡಿ. ರೀಸ್ಟಾರ್ಟ್‌ನಲ್ಲಿ ಎಲ್ಲವೂ ಹೊಸದಾಗಿ ಶುರುವಾಗುತ್ತದೆ. ಸಾಲದಿದ್ದರೆ ಶಿಫ್ಟ್ ಕೀ ಹಿಡಿದುಕೊಂಡೇ ಶಟ್‌ಡೌನ್ ಒತ್ತಿ. ಆಗ ನಿಜವಾಗಿ ಆರುತ್ತದೆ. ಚಾರ್ಜರ್ ಕಿತ್ತು, ಪವರ್ ಬಟನನ್ನು 30 ಸೆಕೆಂಡ್ ಒತ್ತಿ ಹಿಡಿಯಿರಿ. ಬಿಟ್ಟು, ಚಾರ್ಜರ್ ಹಾಕಿ ಶುರುಮಾಡಿ. ನನ್ನ ಲ್ಯಾಪ್‌ಟಾಪಿನಲ್ಲಿ ಎರಡು ಸಲ ಬ್ಲೂಟೂತ್ ಮಾಯವಾಗಿತ್ತು, ಎರಡು ಸಲವೂ ಹೀಗೇ ಮರಳಿತು.

ಮರಳದಿದ್ದರೆ ಮಾತ್ರ ಡ್ರೈವರ್ ಕಡೆ ಹೋಗಿ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ, ಡಿವೈಸ್ ಮ್ಯಾನೇಜರ್ ತೆರೆಯಿರಿ. ಬ್ಲೂಟೂತ್ ಸಾಲು ಕಾಣದಿದ್ದರೆ ಮೇಲೆ ವ್ಯೂ ಒತ್ತಿ, ಶೋ ಹಿಡನ್ ಡಿವೈಸಸ್ ಆರಿಸಿ. ಬ್ಲೂಟೂತ್ ಅಡಾಪ್ಟರಿನ (ಚಾರ್ಜರ್ ಅಲ್ಲ, ಬ್ಲೂಟೂತ್ ನಡೆಸುವ ಭಾಗದ) ಹೆಸರಿನ ಮೇಲೆ ಹಳದಿ ತ್ರಿಕೋನ ಇದ್ದರೆ ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿ. ಕೋಡ್ 10 ಎಂದರೆ ಸಾಧನ ಶುರುವಾಗಲಿಲ್ಲ ಎಂದು. ಕೋಡ್ 43 ಎಂದರೆ ಸಾಧನವೇ ತೊಂದರೆ ಇದೆ ಎಂದು ಹೇಳಿಕೊಂಡಿದ್ದರಿಂದ ವಿಂಡೋಸ್ ಅದನ್ನು ನಿಲ್ಲಿಸಿದೆ ಎಂದು.

ಮೊನ್ನೆಯ ಅಪ್‌ಡೇಟ್ ಆದ ಮೇಲೆ ತೊಂದರೆ ಶುರುವಾಗಿದ್ದರೆ ಡ್ರೈವರ್ ಟ್ಯಾಬ್‌ನಲ್ಲಿ ರೋಲ್ ಬ್ಯಾಕ್ ಒತ್ತಿ. ಹಳೆಯ ಡ್ರೈವರ್ ವಾಪಸ್ ಬರುತ್ತದೆ. ಆ ಬಟನ್ ಮಸುಕಾಗಿದ್ದರೆ ಹಳೆಯದು ಉಳಿದಿಲ್ಲ. ಆಗ ಹೊಸದು ತರಬೇಕು. ಎಲ್ಲಿಂದ? ಲ್ಯಾಪ್‌ಟಾಪ್ ತಯಾರಿಸಿದ ಕಂಪನಿಯ ಸಪೋರ್ಟ್ ಪುಟದಿಂದ. ಲ್ಯಾಪ್‌ಟಾಪ್ ತಿರುವಿ ಹಾಕಿದರೆ ಬೆನ್ನ ಮೇಲೆ ಮಾಡೆಲ್ ಅಥವಾ ಸೀರಿಯಲ್ ನಂಬರ್ ಇರುತ್ತದೆ, ಅದನ್ನು ಅಲ್ಲಿ ಕೊಡಿ. ಒಂದೇ ಮಾಡೆಲಿಗೆ ಎರಡು ಮೂರು ಬ್ಲೂಟೂತ್ ಡ್ರೈವರ್ ತೋರಿಸಿದರೆ ನಿಮ್ಮ ಚಿಪ್ ಯಾರದೆಂದು ತಿಳಿಯಬೇಕು. ಡಿವೈಸ್ ಮ್ಯಾನೇಜರಿನಲ್ಲಿ ಅಡಾಪ್ಟರಿನ ಡೀಟೇಲ್ಸ್ ಟ್ಯಾಬ್ ತೆರೆದು ಹಾರ್ಡ್‌ವೇರ್ ಐಡೀಸ್ ಆರಿಸಿ. ವಿಐಡಿ ಎಂಬುದರ ಮುಂದೆ 8087 ಇದ್ದರೆ ಇಂಟೆಲ್. 0ಬಿಡಿಎ ಇದ್ದರೆ ರಿಯಲ್‌ಟೆಕ್.

ಹೊಸ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಬ್ಲೂಟೂತ್ ಡ್ರೈವರ್ ಒಂದನ್ನೇ ಬದಲಿಸಿ ಸುಮ್ಮನಾಗಬೇಡಿ. ಅವುಗಳಲ್ಲಿ ಸದ್ದು ಇಂಟೆಲ್ ಸ್ಮಾರ್ಟ್ ಸೌಂಡ್ ಎಂಬ ಇನ್ನೊಂದು ಡ್ರೈವರಿನ ಮೂಲಕ ಬ್ಲೂಟೂತಿಗೆ ಹೋಗುವುದುಂಟು. ಆಡಿಯೋ ಡ್ರೈವರನ್ನೂ ಅದೇ ಪುಟದಿಂದ ಒಟ್ಟಿಗೆ ತನ್ನಿ. ಒಂದು ಹೊಸದು, ಒಂದು ಹಳೆಯದು ಆದರೆ ಕನೆಕ್ಟ್ ಆಗಿಯೂ ಸದ್ದು ಬರದಿರಬಹುದು.

ಹೊಸ ಡ್ರೈವರಿನ ಫೈಲ್ ಕೈಗೆ ಬರುವವರೆಗೆ ಹಳೆಯದನ್ನು ಅಳಿಸಬೇಡಿ. ವೈಫೈ ಡ್ರೈವರನ್ನಂತೂ ಮುಟ್ಟಲೇಬೇಡಿ. ಅದು ಹೋದರೆ ಡೌನ್‌ಲೋಡ್ ಮಾಡಲು ದಾರಿಯೇ ಇರುವುದಿಲ್ಲ. ನಿಮ್ಮ ಡ್ರೈವರ್ ಹಳೆಯದಾಗಿದೆ, ಒಂದೇ ಕ್ಲಿಕ್ಕಿನಲ್ಲಿ ಎಲ್ಲ ಸರಿಮಾಡುತ್ತೇವೆ ಎಂದು ಜಾಹೀರಾತಿನಲ್ಲಿ ಬರುವ ಸಾಫ್ಟ್‌ವೇರ್‌ಗಳನ್ನು ದಯವಿಟ್ಟು ಹಾಕಬೇಡಿ. ನಿಮಗೆ ಬೇಕಾದ ಡ್ರೈವರ್ ಲ್ಯಾಪ್‌ಟಾಪ್ ಕಂಪನಿ ಬಿಟ್ಟಿಯಾಗಿ ಕೊಡುತ್ತದೆ. ಅದಕ್ಕೆ ಯಾರಿಗೂ ದುಡ್ಡು ಕೊಡಬೇಕಿಲ್ಲ.

ಸ್ವಲ್ಪ ಹೊತ್ತು ಸುಮ್ನೆ ಬಿಟ್ಟರೆ ಬ್ಲೂಟೂತ್ ಕಡಿದು ಹೋಗುತ್ತದೆಯೇ? ಅಡಾಪ್ಟರಿನ ಪವರ್ ಮ್ಯಾನೇಜ್‌ಮೆಂಟ್ ಟ್ಯಾಬ್‌ನಲ್ಲಿ, ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಎಂಬ ಅರ್ಥದ ಸಾಲಿನ ಗುರುತು ತೆಗೆಯಿರಿ. ಆ ಟ್ಯಾಬ್ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಇರುವುದಿಲ್ಲ.

ಕೊನೆಯದು, ಸದ್ದು ತಡವಾಗಿ ಬರುವುದು. ಇದಕ್ಕೆ ಡ್ರೈವರಿನಲ್ಲಿ ಮದ್ದಿಲ್ಲ. ಸದ್ದನ್ನು ಹಿಂಡಿ ಚಿಕ್ಕದು ಮಾಡಿ, ಗಾಳಿಯಲ್ಲಿ ಕಳಿಸಿ, ಹೆಡ್‌ಫೋನಿನಲ್ಲಿ ಮತ್ತೆ ಬಿಡಿಸಲು ಹೊತ್ತು ಬೇಕು. ಸಾಮಾನ್ಯ ಹೆಡ್‌ಫೋನುಗಳಲ್ಲಿ ಸೆಕೆಂಡಿನ ಐದನೇ ಒಂದು ಭಾಗದಷ್ಟು ತಡವಾಗುವುದು ಮಾಮೂಲು. ಸಿನಿಮಾ ನೋಡುವಾಗ ಪ್ಲೇಯರ್ ಚಿತ್ರವನ್ನೂ ಅಷ್ಟೇ ತಡಮಾಡಿ ಹೊಂದಿಸಿಬಿಡುತ್ತದೆ. ಹಾಡುವವರಿಗೆ ಆ ಅನುಕೂಲ ಇಲ್ಲ. ಸರಳೆ ವರಿಸೆಯನ್ನು ಮೂರನೇ ಕಾಲದಲ್ಲಿ ಹಾಡಿಸುತ್ತಿದ್ದೇನೆ ಅನ್ನಿ. ತಾಳದ ಒಂದು ಅಕ್ಷರಕ್ಕೆ, ಅಂದರೆ ಒಂದು ಎಣಿಕೆಗೆ, ಒಂದು ಸೆಕೆಂಡ್, ಅದರಲ್ಲಿ ನಾಲ್ಕು ಸ್ವರ. ಒಂದು ಸ್ವರಕ್ಕೆ ಸಿಗುವುದು ಕಾಲು ಸೆಕೆಂಡ್. ಕಿವಿಗೆ ತಾಳ ಬೀಳುವ ಹೊತ್ತಿಗೆ ಸುಮಾರು ಒಂದು ಸ್ವರವೇ ದಾಟಿ ಹೋಗಿರುತ್ತದೆ. ಮಗು ತಪ್ಪು ಹಾಡುತ್ತಿದೆ ಎಂದು ಗದರುವ ಮೊದಲು ಅದರ ಕಿವಿಯಲ್ಲಿ ಏನಿದೆ ನೋಡಿ. ನನ್ನ ವಿದ್ಯಾರ್ಥಿನಿಯ ವಿಷಯದಲ್ಲಿ ಹಾಗೇ ಆಗಿತ್ತು. ಎರಡು ವಾರ ಅವಳನ್ನು ತಿದ್ದಿದೆ. ಅವಳು ಕೇಳಿಸಿದ ತಾಳಕ್ಕೆ ಸರಿಯಾಗಿಯೇ ಹಾಡುತ್ತಿದ್ದಳು.

ಈಗ ಅವಳ ಹತ್ತಿರವೂ ನನ್ನ ಹತ್ತಿರವೂ ತಂತಿಯ ಹೆಡ್‌ಫೋನ್ ಒಂದೊಂದಿದೆ. ನನ್ನದು ತಂಬೂರಿಯ ಪಕ್ಕದ ಮೊಳೆಗೆ ತೂಗುತ್ತಿದೆ. ಮಾತು, ರಾಗದ ಆಲಾಪನೆ, ಕೇಳ್ಮೆ ಇದ್ದ ದಿನ ಬ್ಲೂಟೂತ್. ತಾಳ ಹಾಕಿಕೊಂಡು ಹಾಡುವ ದಿನ ಮೊಳೆಯಿಂದ ಅದನ್ನು ಇಳಿಸುತ್ತೇನೆ.