ಇಪ್ಪತ್ತು ವರ್ಷ ಅಂದುಕೊಂಡಿದ್ದೆ

ನನ್ನ ಡ್ರೈವಿಂಗ್ ಲೈಸೆನ್ಸ್ ಮುಗಿದದ್ದು ನನಗೆ ಗೊತ್ತಾದದ್ದು ಅಕ್ಕನ ಮಗನಿಂದ. 2025ರ ಆಗಸ್ಟ್. ಹೊಸದಾಗಿ ಬಂದ ತನ್ನ ಕಾರ್ಡ್ ತೋರಿಸಲು ಸೋಮವಾರಪೇಟೆಯ ನಮ್ಮ ಮನೆಗೆ ಬಂದಿದ್ದ. ನನ್ನದನ್ನೂ ಕೈಗೆ ತೆಗೆದುಕೊಂಡು ನೋಡಿದವನು, "ಮಾವ, ನಿಮ್ಮದು ಜೂನ್‌ನಲ್ಲೇ ಮುಗಿದಿದೆಯಲ್ಲ!" ಎಂದ.

ನಾನು ನಕ್ಕೆ. ಮಾಡಿಸಿದ್ದು 2007ರಲ್ಲಿ, 20 ವರ್ಷ ಅಂದರೆ 2027 ಅಲ್ವಾ? ಅಲ್ಲ. ಆಗಿನ ನಿಯಮ 20 ವರ್ಷ ಇಲ್ಲವೇ 50 ವಯಸ್ಸು, ಯಾವುದು ಮೊದಲೋ ಅದು. ಜೂನ್‌ನಲ್ಲಿ ನನಗೆ 50 ತುಂಬಿತ್ತು. ಮನೆಯವರೆಲ್ಲ ಪಾಯಸ ಉಣ್ಣುವ ಹೊತ್ತಿಗೆ ಲೈಸೆನ್ಸ್ ಸತ್ತಿತ್ತು.

ಆಮೇಲೆ ಎರಡು ತಿಂಗಳು ಆ ಮಳೆಯಲ್ಲಿ ಜೀಪ್ ಓಡಿಸಿದ್ದೇನೆ. ಕುಶಾಲನಗರದಿಂದ ಗೊಬ್ಬರ ತಂದಿದ್ದೇನೆ. ಹಿಂದೆ ಅವಧಿ ಮುಗಿದ ಮೇಲೂ 30 ದಿನ ಲೈಸೆನ್ಸ್ ನಡೆಯುತ್ತಿತ್ತು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಬಂದ ತಿದ್ದುಪಡಿ ಅದನ್ನು ತೆಗೆದುಹಾಕಿತು. ನವೀಕರಣ ಮಾಡಿಸಿದ ದಿನದಿಂದಲೇ ಲೆಕ್ಕ, ಹಿಂದಿನ ದಿನಗಳಿಗೆ ತೇಪೆ ಹಾಕಲು ಬರುವುದಿಲ್ಲ. ಎಲ್ಲಾದರೂ ಗುದ್ದಿದ್ದರೆ ಇನ್ಶೂರೆನ್ಸ್‌ನವರು ಮೊದಲು ಕೇಳುವುದೇ ಲೈಸೆನ್ಸ್. ಅದನ್ನು ನೆನೆದರೆ ಈಗಲೂ ಮೈ ಬೆವರುತ್ತದೆ.

ಪುಣ್ಯಕ್ಕೆ ಒಂದು ವರ್ಷ ದಾಟಿರಲಿಲ್ಲ. ದಾಟಿದ್ದರೆ ಮತ್ತೆ ಡ್ರೈವಿಂಗ್ ಟೆಸ್ಟ್ ಕೊಡಬೇಕಿತ್ತು.

40 ದಾಟಿದವರಿಗೆ ಡಾಕ್ಟರ್ ಸರ್ಟಿಫಿಕೇಟ್ ಬೇಕು, ಫಾರ್ಮ್ 1ಎ. ನಾನು ಸುಮ್ನೆ ಒಂದು ಸಹಿ ಅಂದುಕೊಂಡು ಹೋದೆ. ಡಾಕ್ಟರ್ ಬಿಡಲಿಲ್ಲ. ಕೆಂಪು, ಹಸಿರು ಬಣ್ಣ ಗುರುತಿಸಲು ಹೇಳಿದರು. ಇರುಳುಗಣ್ಣು ಇದೆಯಾ, ಕಿವಿ ಸರಿಯಾಗಿ ಕೇಳುತ್ತಾ ಎಂದರು. ಕೊನೆಗೆ ಹೊರಗೆ ಕರೆದುಕೊಂಡು ಹೋಗಿ ದೂರದ ಕಾರಿನ ನಂಬರ್ ಓದಿಸಿದರು. 25 ಮೀಟರ್ ದೂರದಿಂದ ಓದಲು ಬರಬೇಕಂತೆ. ಕನ್ನಡಕ ಮನೆಯಲ್ಲೇ ಬಿಟ್ಟಿದ್ದೆ! ಮಾರನೇ ದಿನ ಮತ್ತೆ ಹೋದೆ. ಕನ್ನಡಕ ಹಾಕಿಕೊಂಡು ಓದಿದರೆ ತಪ್ಪಿಲ್ಲ.

ಅರ್ಜಿ ಹಾಕಿದ್ದು ಸಾರಿಗೆ ಇಲಾಖೆಯ ಪರಿವಾಹನ್ ವೆಬ್‌ಸೈಟ್‌ನಲ್ಲಿ ಲೈಸೆನ್ಸ್‌ಗೆಂದೇ ಇರುವ ಸಾರಥಿ ಎಂಬ ಭಾಗದಲ್ಲಿ. ಆಧಾರ್ ಒಟಿಪಿ ಕೊಟ್ಟರೆ ಕೆಲಸ ಹಗುರ. ಆದರೆ ನನ್ನ ಆಧಾರ್‌ಗೆ ಕೊಟ್ಟಿದ್ದ ಸಿಮ್ ಯಾವಾಗಲೋ ಸತ್ತುಹೋಗಿತ್ತು. ಹಾಗಾಗಿ ಆಧಾರ್ ಇಲ್ಲದ ದಾರಿ ಹಿಡಿದೆ. ನವೀಕರಣಕ್ಕೆ 200, ಕಾರ್ಡ್‌ಗೆ 200, ತಡವಾದದ್ದಕ್ಕೆ ಮೇಲೆ ಇನ್ನಷ್ಟು. ಮೂಲ ದಾಖಲೆ ಹಿಡಿದು ಮಡಿಕೇರಿಯ ಆರ್‌ಟಿಒಗೆ ಹೋದೆ, ಬಸ್ಸಿನಲ್ಲಿ. ಮುಗಿದ ಲೈಸೆನ್ಸ್ ಇಟ್ಟುಕೊಂಡು ಜೀಪ್‌ನಲ್ಲಿ ಆರ್‌ಟಿಒ ಬಾಗಿಲಿಗೆ ಹೋಗುವಷ್ಟು ಧೈರ್ಯ ನನಗಿಲ್ಲ.

ಕಾರ್ಡ್ ಅಂಚೆಯಲ್ಲಿ ಬಂತು. ವಿಳಾಸ ಹಳೆಯದಿದ್ದರೆ ಅರ್ಜಿಯ ಜೊತೆಗೇ ಸರಿ ಮಾಡಿಸಿ, ಇಲ್ಲದಿದ್ದರೆ ಕಾರ್ಡ್ ಯಾರದೋ ಮನೆಗೆ ಹೋಗುತ್ತದೆ. ನನ್ನದು ಈಗ 2035ರ ಜೂನ್‌ವರೆಗೆ ಇದೆ. ಈಗಿನ ನಿಯಮದಲ್ಲಿ 50ರಿಂದ 55ರೊಳಗೆ ಮಾಡಿಸಿದರೆ 60 ತುಂಬುವವರೆಗೆ, 55 ದಾಟಿದರೆ ಐದೈದು ವರ್ಷ. 30ರಿಂದ 50ರೊಳಗಿನವರಿಗೆ 10 ವರ್ಷ, 30ರ ಒಳಗಿದ್ದರೆ 40 ತುಂಬುವವರೆಗೆ.

ಹೆಂಡತಿಯ ಕಾರ್ಡ್ ತಿರುಗಿಸಿ ನೋಡಿದೆ. ಇನ್ನು ಎಂಟು ತಿಂಗಳಿದೆ. ಒಂದು ವರ್ಷ ಮೊದಲೇ ಅರ್ಜಿ ಹಾಕಬಹುದು, ನಡಿ ಡಾಕ್ಟರ್ ಹತ್ತಿರ ಹೋಗೋಣ ಅಂದರೆ, "ಕಾಫಿ ಕುಯ್ಲು ಮುಗೀಲಿ" ಅಂತಾಳೆ.