ರೋಡ್ ಡಿಸೈನನ್ನ ಡ್ರೈವಿಂಗ್ ಸಿಮ್ಯುಲೇಟರ್‌ಗೆ ತರೋದು ಹೇಗೆ

ಸಿವಿಲ್ ತ್ರೀಡಿ, ಓಪನ್‌ರೋಡ್ಸ್ ಥರದ ರೋಡ್ ಡಿಸೈನ್ ಸಾಫ್ಟ್‌ವೇರಲ್ಲಿ ಮಾಡಿದ ಡಿಸೈನ್ ಸಿಕ್ಕಿದ ತಕ್ಷಣ ಸುಮಾರು ಜನ ಸರ್ಫೇಸನ್ನ, ಅಂದ್ರೆ ರೋಡಿನ ಮೇಲ್ಮೈನ, ಎಕ್ಸ್‌ಪೋರ್ಟ್ ಮಾಡಿ ಸೀದಾ ಅನ್‌ರಿಯಲ್, ಯೂನಿಟಿ ಥರದ ಗೇಮ್ ಎಂಜಿನ್‌ಗೆ ಹಾಕ್ಬಿಡ್ತಾರೆ. ನೋಡೋಕೆ ರೋಡೇ, ಆದ್ರೆ ಅದು ಬರೀ ತ್ರಿಕೋನಗಳ ರಾಶಿ, ಕರ್ವ್ ಎಲ್ಲಿಂದ ಶುರು, ಲೇನ್ ಯಾವ್ದು ಅನ್ನೋ ಲೆಕ್ಕನೇ ಅದ್ರಲ್ಲಿ ಇರಲ್ಲ, ಟ್ರಾಫಿಕ್ ಕಾರುಗಳು ಯಾವ ದಾರಿ ಹಿಡೀಬೇಕು ಹೇಳಿ?

ಹಾಗಾಗಿ ಸರ್ಫೇಸ್ ಪಕ್ಕಕ್ಕಿಡಿ, ಅಲೈನ್‌ಮೆಂಟ್ (ಮೇಲಿಂದ ನೋಡಿದ್ರೆ ಕಾಣೋ ರೋಡಿನ ಗೆರೆ) ಮತ್ತೆ ಪ್ರೊಫೈಲನ್ನ (ಅದ್ರ ಏರಿಳಿತ) ಲ್ಯಾಂಡ್‌ಎಕ್ಸ್‌ಎಂಎಲ್ ಫೈಲ್ ಆಗಿ ತೆಗೆದು, ಸಿಮ್ಯುಲೇಟರ್‌ಗಳಿಗೆ ರೋಡನ್ನ ವಿವರಿಸೋ ಓಪನ್‌ಡ್ರೈವ್ ಫಾರ್ಮ್ಯಾಟ್‌ಗೆ ಬದಲಾಯಿಸಿ. ಕಾರ್ಲಾ ಅನ್ನೋ ಸಿಮ್ಯುಲೇಟರ್, ರೋಡ್‌ರನ್ನರ್ ಅನ್ನೋ ರೋಡ್ ಸೀನ್ ಎಡಿಟರ್ ಎರಡೂ ಇದನ್ನ ಓದ್ತವೆ. ಇದ್ರಲ್ಲಿ ಲೈನ್, ಆರ್ಕ್, ಸ್ಪೈರಲ್ (ನಿಧಾನಕ್ಕೆ ಬಿಗಿಯಾಗೋ ತಿರುವು) ಮೂರೂ ಇರೋದ್ರಿಂದ ಎಂಜಿನಿಯರ್ ಹಾಕಿದ ಕರ್ವ್ ಹಾಗೇ ಉಳಿಯುತ್ತೆ, ವರ್ಟಿಕಲ್ ಕರ್ವ್ (ಏರು ಇಳಿತ ಸೇರೋ ಕಡೆಯ ಬಾಗು) ಪ್ಯಾರಾಬೋಲಾ ಆಗಿದ್ರೆ ಅದೂ ಸರಿಯಾಗಿ ಕೂರುತ್ತೆ.

ಎಡವೋದು ಯೂನಿಟ್‌ನಲ್ಲಿ. ಓಪನ್‌ಡ್ರೈವ್ ಕೇಳೋದು ರೇಡಿಯಸ್ ಅಲ್ಲ, ಕರ್ವೇಚರ್, ಅಂದ್ರೆ ಒಂದನ್ನ ರೇಡಿಯಸ್‌ನಿಂದ ಭಾಗಿಸಿದ್ದು, 200 ಮೀಟರ್ ರೇಡಿಯಸ್ ಇದ್ರೆ 0.005, ಎಡಕ್ಕೆ ತಿರುಗಿದ್ರೆ ಪ್ಲಸ್. ಸೂಪರ್‌ಎಲಿವೇಷನ್ (ತಿರುವಲ್ಲಿ ರೋಡಿಗೆ ಕೊಡೋ ಅಡ್ಡ ಇಳಿಜಾರು) ಡ್ರಾಯಿಂಗಲ್ಲಿ ಪರ್ಸೆಂಟಲ್ಲಿ ಇರುತ್ತೆ, ಇಲ್ಲಿ ರೇಡಿಯನ್ ಬೇಕು, 7% ಅಂದ್ರೆ ಹತ್ರತ್ರ 0.07, ಬಲಗಡೆ ಇಳಿಜಾರಾದ್ರೆ ಪ್ಲಸ್. ಎಡ ತಿರುವಲ್ಲಿ ಇಳಿಜಾರು ಎಡಗಡೆ ಇರುತ್ತೆ, ಅಲ್ಲಿ ಮೈನಸ್ ಹಾಕೋದು ಮರೆತ್ರೆ ರೋಡ್ ಹೊರಗಡೆ ವಾಲುತ್ತೆ, ಸ್ಕ್ರೀನಲ್ಲಿ ಅಷ್ಟಾಗಿ ಗೊತ್ತಾಗಲ್ಲ, ಮೋಷನ್ ಸೀಟಲ್ಲಿ ಕೂತವ್ರಿಗೆ ಮಾತ್ರ ಹೊಟ್ಟೆ ತೊಳಸುತ್ತೆ.

ಆಮೇಲೆ ಕೋಆರ್ಡಿನೇಟ್. ಸರ್ವೆ ನಾರ್ತಿಂಗ್ (ಉತ್ತರ ದಿಕ್ಕಿನ ಅಳತೆ) 15 ಲಕ್ಷ ಮೀಟರ್ ಅಂತಿದ್ರೆ 32 ಬಿಟ್ ಫ್ಲೋಟ್‌ನಲ್ಲಿ (ಕಂಪ್ಯೂಟರ್ ದಶಮಾಂಶ ಸಂಖ್ಯೆ ಇಡೋ ಒಂದು ರೀತಿ) ಪಕ್ಕಪಕ್ಕದ ಎರಡು ಬೆಲೆಗಳ ಮಧ್ಯೆ 12.5 ಸೆಂಟಿಮೀಟರ್ ಅಂತರ ಬೀಳುತ್ತೆ, ಲೇನ್ ಮಾರ್ಕಿಂಗ್ ಎಲ್ಲಾ ನಡುಗುತ್ತೆ. ರೋಡ್ ಮಧ್ಯದಲ್ಲೊಂದು ಪಾಯಿಂಟ್ ಹಿಡಿದು ಅದನ್ನ ಸೊನ್ನೆ ಮಾಡಿ, ಎಷ್ಟು ಕಳೆದ್ರಿ ಅನ್ನೋದನ್ನ ಬರೆದಿಡಿ, ಸುತ್ತಲಿನ ಟೆರೇನ್, ಬ್ರಿಡ್ಜ್ ಮಾಡೆಲ್‌ಗೂ ಅದೇ ಬೇಕು. ಅನ್‌ರಿಯಲ್ ಸೆಂಟಿಮೀಟರ್ ಲೆಕ್ಕದ್ದು, ಯೂನಿಟಿಯಲ್ಲಿ ಮೇಲಕ್ಕೆ ಹೋಗೋದು ವೈ, ನೆನಪಿರಲಿ.

ಮರ, ಬಿಲ್ಡಿಂಗ್ ಬಗ್ಗೆ ಜಾಸ್ತಿ ತಲೆ ಕೆಡಿಸ್ಕೋಬೇಡಿ, ಆದ್ರೆ ತಿರುವಿನ ಒಳಗಡೆ ನೋಟಕ್ಕೆ ಅಡ್ಡ ಬರೋ ಗೋಡೆ, ದಿಬ್ಬ ಇದ್ರೆ ಬಿಡ್ಬೇಡಿ, ಸೈಟ್ ಡಿಸ್ಟೆನ್ಸ್ (ಡ್ರೈವರ್‌ಗೆ ಮುಂದೆ ಎಷ್ಟು ದೂರ ಕಾಣುತ್ತೆ ಅನ್ನೋದು) ಪರೀಕ್ಷೆ ನಿಂತಿರೋದೇ ಅದ್ರ ಮೇಲೆ.

ಸೈನ್‌ಬೋರ್ಡ್‌ದೊಂದು ತಲೆನೋವು. ಸ್ಕ್ರೀನಿನ 1920 ಪಿಕ್ಸೆಲ್ ನೋಟದ 60 ಡಿಗ್ರಿಗೆ ಹರಡಿದ್ರೆ ಡಿಗ್ರಿಗೆ 32 ಪಿಕ್ಸೆಲ್, 60 ಸೆಂಟಿಮೀಟರ್ ಬೋರ್ಡ್ 100 ಮೀಟರ್ ದೂರದಲ್ಲಿ ಬರೀ 11 ಪಿಕ್ಸೆಲ್, ಅಕ್ಷರ ಓದೋಕಾಗಲ್ಲ. ಅಲ್ಲಿ ಡ್ರೈವರ್ ಬ್ರೇಕ್ ತಡ ಹಾಕಿದ್ರೆ ಡಿಸೈನ್ ಮೇಲೆ ತಪ್ಪು ಹೊರಿಸ್ಬೇಡಿ, ಸ್ಕ್ರೀನ್ ಬದಲಾಯಿಸಿ ಇಲ್ಲಾ ಬೋರ್ಡ್ ದೊಡ್ಡದು ಮಾಡಿ, ಮಾಡಿದ್ದನ್ನ ರಿಪೋರ್ಟಲ್ಲಿ ಹಾಕಿ.

ಕೊನೆಗೆ ಕಾರನ್ನ ಸೆಂಟರ್‌ಲೈನ್ ಮೇಲೆ ಓಡಿಸಿ ಅದ್ರ ಪೊಸಿಷನ್ ಲಾಗ್ ಮಾಡಿ, ಪ್ರತಿ 20 ಮೀಟರ್ ಚೈನೇಜಿಗೂ (ರೋಡಿನ ಉದ್ದಕ್ಕೂ ಅಳೆದ ದೂರ) ಡ್ರಾಯಿಂಗಿನ ಲೆವೆಲ್ ಪಕ್ಕ ಇಟ್ಟು ನೋಡಿ.